ಹೊರಗೆ ನಕ್ಷತ್ರ, ಒಳಗೆ ಚೌಕ

ಹೊಸ ಮನೆಗೆ ನಕ್ಷತ್ರದ ಹಾಗೆ ಮೂಲೆ ಬೇಕೆನ್ನುವವರು ಇಂಜಿನಿಯರ್ ಹತ್ತಿರ ಹೋಗುವ ಮುಂಚೆ ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೊಂದು ಸಲ ಹೋಗಿಬರಲಿ. ಅಲ್ಲಿನ ಚೆನ್ನಕೇಶವ ಗುಡಿ 13ನೇ ಶತಮಾನದ ಹೊಯ್ಸಳರ ಕೆಲಸ. 16 ಮೂಲೆಯ ನಕ್ಷತ್ರದ ತಳ. ಎದುರಿನ ಮೂಲೆಗಳು ಮಂಟಪದಲ್ಲಿ ಸೇರಿಹೋಗಿವೆ, ಎಣಿಸುವವರು ಗಾಬರಿಯಾಗಬೇಡಿ. ಗುಟ್ಟು ಇಷ್ಟೇ: ನಡುಬಿಂದು ಕದಲಿಸದೆ ನಾಲ್ಕು ಚೌಕಗಳನ್ನು ಒಂದರ ಮೇಲೊಂದು ಸಮನಾಗಿ ತಿರುಗಿಸಿಟ್ಟರೆ ಹದಿನಾರು ಮೂಲೆ ಏಳ್ತವೆ. ಬಳಪದ ಕಲ್ಲು ಮೆದು, ಕೊರೆತಕ್ಕೆ ಒಗ್ಗಿತು. ಮಡಿಕೆ ಹೆಚ್ಚಿದಷ್ಟೂ ವಿಗ್ರಹಕ್ಕೆ ಗೋಡೆ ಸಿಕ್ಕಿತು. ಆದರೆ ಒಳಗೆ, ದೇವರು ನಿಂತ ಗರ್ಭಗುಡಿ ಬರೀ ಚೌಕ!

ಅದೇ ಊರಿನ 9ನೇ ಶತಮಾನದ ಕಲ್ಲೇಶ್ವರ ಗುಡಿಯ ಚಾವಣಿಯೂ ಚೌಕ, ಅದರೊಳಗೆ ಒಂಬತ್ತು ಮನೆ. ನಡುವೆ ಕುಣಿಯುವ ಶಿವ, ಸುತ್ತ ಎಂಟು ದಿಕ್ಪಾಲಕರು. ಒಂದಿಂಚೂ ದಂಡವಿಲ್ಲ.

ಚೂಪು ಮೂಲೆಯ ಕೋಣೆಯಲ್ಲಿ ಕೊಬ್ಬರಿ ಮೂಟೆ ಒತ್ತಿ ಕೂರೋದಿಲ್ಲ. ಬೀರು ಇಟ್ಟರೆ ಹಿಂದೆ ಇಲಿಗೆ ಜಾಗ.