ಗರ್ಭಕೋಶ ತೆಗೆಸಿದರೆ ಪಿ.ಸಿ.ಓ.ಎಸ್. ಹೋಗುವುದೇ?

ಸಂಸಾರವನ್ನು ಊರಿನಲ್ಲಿ ಬಿಟ್ಟು ಪರಸ್ಥಳದಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಮನೆಯಾಕೆಯ ಮುಟ್ಟಿನ ತೊಂದರೆಯು ಫೋನಿನ ಮೂಲಕವೇ ತಿಳಿಯುವುದು. "ಗರ್ಭಕೋಶವನ್ನೇ ತೆಗೆಸಿದರೆ ಪೀಡೆ ತೊಲಗುವುದು" ಎಂಬ ಯಾರದೋ ಮಾತನ್ನು ನಂಬಿ, ಧಣಿಗಳಿಂದ ಮುಂಗಡ ಪಡೆದು ಹಣ ಕಳುಹಿಸುವವರುಂಟು. ಪಿ.ಸಿ.ಓ.ಎಸ್. ಎಂಬ ರೋಗದ ಮಟ್ಟಿಗೆ ಈ ನಂಬಿಕೆಯು ಸರಿಯಲ್ಲವೆಂದು ವಾಚಕರಲ್ಲಿ ಅರಿಕೆ ಮಾಡಬಯಸುತ್ತೇವೆ.

1935ರಲ್ಲಿ ಷಿಕಾಗೋ ನಗರದ ವೈದ್ಯರಾದ ಸ್ಟೀನ್ ಮತ್ತು ಲೆವೆಂಥಾಲ್ ಎಂಬವರು ಏಳು ಮಂದಿ ಸ್ತ್ರೀಯರಲ್ಲಿ ಕಂಡ ಈ ರೋಗವನ್ನು ವರ್ಣಿಸಿದರು. ಸಂತಾನಪ್ರಾಯದ ಸ್ತ್ರೀಯರಲ್ಲಿ ಸುಮಾರು ಹತ್ತು ಮಂದಿಗೆ ಒಬ್ಬರಂತೆ ಇದು ಇರುವುದು. ಇದರ ಮೂಲವು ಗರ್ಭಕೋಶದಲ್ಲಿಲ್ಲ. ಅಂಡಾಶಯಗಳು ಪುರುಷ ಹಾರ್ಮೋನನ್ನು ಮಿತಿಮೀರಿ ಸ್ರವಿಸುವುವು. ಅನೇಕರಲ್ಲಿ ಇನ್ಸುಲಿನ್ ತನ್ನ ಕೆಲಸವನ್ನು ಸರಿಯಾಗಿ ಮಾಡದು. ಮುಟ್ಟು ತಪ್ಪುವುದು, ಮುಖದಲ್ಲಿ ಕೂದಲು, ಮೊಡವೆ, ಬೊಜ್ಜು, ಮುಂದೆ ಮಧುಮೇಹದ ಭಯ ಇವೆಲ್ಲವೂ ಅದರ ಫಲಗಳು.

ಗರ್ಭಕೋಶವನ್ನು ತೆಗೆದರೆ ರಕ್ತಸ್ರಾವವು ನಿಲ್ಲುವುದು ನಿಜ. ಮುಟ್ಟು ತಪ್ಪುವವರಲ್ಲಿ ಗರ್ಭಕೋಶದ ಒಳಪದರವು ದಪ್ಪವಾಗಿ ಕ್ಯಾನ್ಸರಿಗೆ ತಿರುಗುವ ಭಯವೂ ಇಲ್ಲವಾಗುವುದು. ಆದರೆ ಕೂದಲು, ಮೊಡವೆ, ತೂಕ, ಸಕ್ಕರೆಯ ದೋಷ ಇದ್ದಂತೆಯೇ ಇರುವುವು. ಒಲೆ ಕೆಟ್ಟಿರುವಾಗ ಬಡಿಸುವುದನ್ನು ನಿಲ್ಲಿಸಿದರೆ ಒಲೆ ಸರಿಹೋದೀತೆ?

ಜತೆಗೆ ಅಂಡಾಶಯಗಳನ್ನೂ ತೆಗೆದರೆ ಪುರುಷ ಹಾರ್ಮೋನು ತಗ್ಗುವುದುಂಟು. ಆದರೆ ಪ್ರಾಯದಲ್ಲಿಯೇ ಅವನ್ನು ಕಳೆದುಕೊಂಡವರಿಗೆ ಎಲುಬು ಸವೆಯುವ ಮತ್ತು ಹೃದ್ರೋಗ ತಗಲುವ ಸಂಭವವು ಹೆಚ್ಚುವುದು.

ಬೇರೆ ಮಾರ್ಗಗಳಿವೆ. ಸ್ಥೂಲಕಾಯರು ತಮ್ಮ ತೂಕದಲ್ಲಿ ನೂರಕ್ಕೆ 5ರಷ್ಟನ್ನು, ಅಂದರೆ 70 ಕಿಲೋದವರು ಮೂರೂವರೆ ಕಿಲೋವನ್ನು, ಇಳಿಸಿದರೂ ಅನೇಕರಿಗೆ ಗುಣ ಕಾಣುವುದು. ಮುಟ್ಟನ್ನು ಕ್ರಮಪಡಿಸುವ ಹಾರ್ಮೋನು ಗುಳಿಗೆಗಳನ್ನೂ ಮೆಟ್‌ಫಾರ್ಮಿನ್ನನ್ನೂ ವೈದ್ಯರು ಕೊಡುವುದುಂಟು. ಕ್ಯಾನ್ಸರ್, ದೊಡ್ಡ ಗಡ್ಡೆ, ಔಷಧಕ್ಕೆ ಬಗ್ಗದ ರಕ್ತಸ್ರಾವ ಇದ್ದಲ್ಲಿ ಶಸ್ತ್ರಚಿಕಿತ್ಸೆ ಬೇಕಾದೀತು, ಅಲ್ಲಿ ಹಿಂಜರಿಯಬಾರದು.

ಅನಾವಶ್ಯಕವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರ ಸರಕಾರದ ಮಾರ್ಗಸೂಚಿಗಳನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ರಾಜ್ಯಗಳಿಗೆ ಆಜ್ಞಾಪಿಸಬೇಕಾಯಿತು. ಆದುದರಿಂದ ಸಾಲ ಮಾಡುವುದಕ್ಕೆ ಮುಂಚೆ ವೈದ್ಯರನ್ನು ಮೂರು ಮಾತು ಕೇಳತಕ್ಕದ್ದು: ತೆಗೆಯಲು ಕಾರಣವೇನು? ಔಷಧವನ್ನು ಮೊದಲು ಕೊಟ್ಟು ನೋಡಿದ್ದಾಯಿತೆ? ಅಂಡಾಶಯಗಳನ್ನೂ ತೆಗೆಯುವಿರಾ? ಉತ್ತರವು ಸಮಾಧಾನ ತರದಿದ್ದರೆ, ಸರಕಾರಿ ಆಸ್ಪತ್ರೆಯ ಇನ್ನೊಬ್ಬ ಸ್ತ್ರೀರೋಗತಜ್ಞರ ಅಭಿಪ್ರಾಯವನ್ನು ಪಡೆಯುವುದು ಲೇಸು.