ಕರಿದೆಣ್ಣೆಗೆ ಹೊಸ ಗಿರಾಕಿ

ಹಬ್ಬದ ಮರುದಿನ ಬಾಣಲೆಯಲ್ಲಿ ಉಳಿಯುವ ಕಪ್ಪು ಎಣ್ಣೆ ನಮ್ಮ ಗೃಹಿಣಿಯರ ಹಳೆಯ ಸಮಸ್ಯೆ. ಚೆಲ್ಲಲು ಮನಸ್ಸು ಬಾರದು. ಮತ್ತೆ ಮತ್ತೆ ಕರಿದರೆ ಆರೋಗ್ಯಕ್ಕೆ ಕೇಡು. ಕಾಯಿಸಿದಂತೆಲ್ಲ ಎಣ್ಣೆಯಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು ಶೇಕಡಾ 25ನ್ನು ಮೀರಿದರೆ ಅದನ್ನು ಅಡುಗೆಗೆ ಬಳಸಕೂಡದೆಂದು 2018ರ ಜುಲೈ 1ರಿಂದ ದೇಶದಲ್ಲಿ ನಿಯಮವಿದೆ. ಗಡಿಯ ಆಚೆಗೂ ಈಚೆಗೂ ಅದೇ ನಿಯಮ. ಆದರೆ ದೊಡ್ಡ ಹೋಟೆಲಿನ ಹಿತ್ತಲಿನಿಂದ ಹೊರಟ ಎಣ್ಣೆ ಬಜ್ಜಿಯಂಗಡಿಯ ಬಾಣಲೆಯನ್ನು ಸೇರದಿರಬೇಕಾದರೆ, ಅದನ್ನು ಕೊಳ್ಳುವ ಬೇರೊಬ್ಬ ಗಿರಾಕಿ ಬೇಕು. ಜೈವಿಕ ಡೀಸೆಲಿನ ಕಾರ್ಖಾನೆಯೇ ಆ ಗಿರಾಕಿ.

ಎಣ್ಣೆಯ ಅಣುವೆಂದರೆ ಗ್ಲಿಸರಿನ್ ಎಂಬ ನೊಗಕ್ಕೆ ಕಟ್ಟಿದ ಮೂರು ಮೇದಾಮ್ಲಗಳು. ಅವನ್ನು ಬಿಡಿಸಿ ಮೆಥನಾಲಿನೊಡನೆ ಜೋಡಿಸಿದರೆ ಡೀಸೆಲ್ ಎಂಜಿನ್ನಿಗೆ ಒಗ್ಗುವ ಇಂಧನ ದೊರೆಯುತ್ತದೆ. ಈ ಕೆಲಸಕ್ಕೆ ರೂಢಿಯಲ್ಲಿರುವುದು ಕಾಸ್ಟಿಕ್ ಸೋಡಾದಂತಹ ಕ್ಷಾರ. ಶುದ್ಧ ಎಣ್ಣೆಯಾದರೆ ಅದು ಅಗ್ಗವೂ ಹೌದು, ಬೇಗವೂ ಹೌದು. ಕರಿದೆಣ್ಣೆಯಲ್ಲಿಯಾದರೋ ಕೆಲವು ಮೇದಾಮ್ಲಗಳು ಮೊದಲೇ ನೊಗ ಕಳಚಿಕೊಂಡಿರುತ್ತವೆ. ಅವು ಕ್ಷಾರವನ್ನು ಕೂಡಿದರೆ ಆಗುವುದು ಡೀಸೆಲಲ್ಲ, ಸಾಬೂನು!

ಇಲ್ಲಿ ನೆರವಿಗೆ ಬರುವುದು ಲೈಪೇಸ್ ಎಂಬ ಕಿಣ್ವ. ನಾವು ಉಂಡ ತುಪ್ಪವನ್ನು ನಮ್ಮ ಕರುಳಿನಲ್ಲಿ ಅರಗಿಸುವುದೂ ಇದರ ಬಳಗದ್ದೇ. ಇದಕ್ಕೆ ಕಟ್ಟಿದ ಆಮ್ಲವೂ ಸರಿ, ಕಳಚಿದ ಆಮ್ಲವೂ ಸರಿ, ಎರಡನ್ನೂ ಇಂಧನವಾಗಿಸುತ್ತದೆ. ಬೆಚ್ಚಗಿನ ಉಷ್ಣತೆಯೇ ಸಾಕು. ಗ್ಲಿಸರಿನ್ನೂ ಹೆಚ್ಚು ಶುಭ್ರವಾಗಿ ಸಿಗುತ್ತದೆ.

ತೊಡಕೆಂದರೆ, ಬೇಕಾದ ಮೆಥನಾಲನ್ನೆಲ್ಲ ಒಮ್ಮೆಗೇ ಸುರಿದರೆ ಕಿಣ್ವವೇ ಕೆಟ್ಟುಹೋಗುತ್ತದೆ. ಜಪಾನಿನ ಒಸಾಕಾದಲ್ಲಿ ಯುಜಿ ಶಿಮಾಡಾ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪರಿಹಾರ ತಾಯಿ ಮಗುವಿಗೆ ತುತ್ತಿಡುವಂತಹದು: ಮೆಥನಾಲನ್ನು ಮೂರು ಪಾಲು ಮಾಡಿ, ಒಂದು ಅರಗಿದ ಮೇಲೆ ಇನ್ನೊಂದು. ಯೀಸ್ಟಿನಿಂದ ಪಡೆದ ಲೈಪೇಸನ್ನು ಸಣ್ಣ ಹರಳುಗಳಿಗೆ ಅಂಟಿಸಿ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಸ್ಯತೈಲದ ಶೇಕಡಾ 95ಕ್ಕೂ ಮಿಕ್ಕ ಭಾಗವನ್ನು ಅವರು ಇಂಧನವಾಗಿಸಿದರು. ಅದೇ ಕಿಣ್ವವನ್ನು ಐವತ್ತು ಬಾರಿ, ನೂರು ದಿನಗಳ ಕಾಲ ದುಡಿಸಿದರು. 2001ರಲ್ಲಿ ಅದೇ ಬಳಗ ಬಳಸಿದ ಅಡುಗೆ ಎಣ್ಣೆಯಲ್ಲೂ ಇದನ್ನು ಸಾಧಿಸಿತು.

ಕಿಣ್ವದ ಬೆಲೆ ಮಾತ್ರ ಬಹುಕಾಲ ಕಾರ್ಖಾನೆಗಳನ್ನು ಹೆದರಿಸಿತು. 2014ರ ಡಿಸೆಂಬರಿನಲ್ಲಿ ಡೆನ್ಮಾರ್ಕಿನ ನೊವೊಜೈಮ್ಸ್ ಸಂಸ್ಥೆ ಹಾಳೆಣ್ಣೆಗೆಂದೇ ಸಿದ್ಧಪಡಿಸಿದ ದ್ರವರೂಪದ ಲೈಪೇಸನ್ನು ಮಾರುಕಟ್ಟೆಗೆ ತಂದಿತು. ಆದರೂ ಕ್ಷಾರ ಗಂಟೆಗಳಲ್ಲಿ ಮುಗಿಸುವ ಕೆಲಸಕ್ಕೆ ಕಿಣ್ವಕ್ಕೆ ಒಂದು ದಿನವೇ ಹಿಡಿಯಬಹುದು.

ಓದುಗರಿಗೆ ಒಂದು ಎಚ್ಚರಿಕೆ: ಇದು ಅಡುಗೆಮನೆಯ ಪ್ರಯೋಗವಲ್ಲ. ಮೆಥನಾಲ್ ಕಣ್ಣು ಕಳೆಯುವ ವಿಷ. ಬೆಂಕಿಗೂ ಬಲು ಬೇಗ ಸಿಕ್ಕುತ್ತದೆ. ನಾವು ಮಾಡಬಹುದಾದುದು ಇಷ್ಟೇ: ಉಳಿದ ಎಣ್ಣೆಯನ್ನು ನೀರು ತಾಗದಂತೆ ಸೋಸಿ, ಡಬ್ಬಿಯಲ್ಲಿ ಕೂಡಿಟ್ಟು, ಸಂಗ್ರಹಿಸುವವರಿಗೆ ಒಪ್ಪಿಸುವುದು. ಅಂಥವರು ನಮ್ಮ ಸಣ್ಣ ಊರುಗಳ ಬಾಗಿಲಿಗೆ ಬರುವರೇ ಎಂಬುದೇ ಈಗಿನ ಪ್ರಶ್ನೆ.