ಮೈಕ್ರೋಸ್ಕೋಪಿನೊಳಗಿನ ಗೆರೆಯನ್ನು ಎಷ್ಟು ನಂಬಬಹುದು?

ಮಿದುಳಿನ ಸರ್ಜರಿಗೆ ಬಳಸೋ ಮೈಕ್ರೋಸ್ಕೋಪಿನಲ್ಲಿ ಈಗ ಗಡ್ಡೆಯ ಸುತ್ತ ಬಣ್ಣದ ಗೆರೆಯೊಂದು ಕಾಣುತ್ತೆ. ಆಪರೇಷನ್‌ಗೆ ಮೊದಲೇ ತೆಗೆದ ಎಂಆರ್‌ಐ ನೋಡಿ ಕಂಪ್ಯೂಟರ್ ಎಳೆದ ಗೆರೆ ಅದು. ಐಡಿಯಾ ಹೊಸದೇನಲ್ಲ, 1986ರಲ್ಲೇ ಅಮೆರಿಕದ ಡಾರ್ಟ್‌ಮೌತ್‌ನಲ್ಲಿ ಡೇವಿಡ್ ರಾಬರ್ಟ್ಸ್ ತಂಡ ಸಿಟಿ ಚಿತ್ರವನ್ನು ಮೈಕ್ರೋಸ್ಕೋಪಿಗೆ ಜೋಡಿಸಿತ್ತು.

ಎಂಜಿನಿಯರಿಂಗ್ ಓದಿದ ನನಗೆ ಇಂಥವು ಕಂಡರೆ ಮೊದಲು ಖುಷಿ, ಆಮೇಲೆ ಅನುಮಾನ. ಬುರುಡೆ ತೆರೆದು ಒಳಪೊರೆ ಕತ್ತರಿಸಿದಾಗ ದ್ರವ ಹರಿದುಹೋಗಿ ಮಿದುಳು ಕುಸಿಯುತ್ತೆ, ಕೆಲವೊಮ್ಮೆ ಒಂದು ಸೆಂಟಿಮೀಟರಿನಷ್ಟು. ಗೆರೆ ಮಾತ್ರ ಇದ್ದಲ್ಲೇ ಇರುತ್ತೆ. ಪಕ್ಕದಲ್ಲೇ ಮಾತಿಗೆ ಸಂಬಂಧಿಸಿದ ಭಾಗವಿದ್ದರೆ? ಅದಕ್ಕೇ ಕೆಲವು ಕಡೆ ಆಪರೇಷನ್ ಮಧ್ಯದಲ್ಲೇ ಅಲ್ಟ್ರಾಸೌಂಡ್ ಮಾಡಿ ಚಿತ್ರ ಸರಿಪಡಿಸ್ತಾರೆ.

ನಾಳೆ ಸರ್ಕಾರಿ ಆಸ್ಪತ್ರೆಯಲ್ಲಿ ಮಂತ್ರಿಗಳು ಇಂಥ ಯಂತ್ರಕ್ಕೆ ಟೇಪ್ ಕತ್ತರಿಸಿದರೆ ನಾನು ಕೇಳೋದು ಇಷ್ಟೇ: ಮಿದುಳು ಸರಿದಾಗ ಗೆರೆ ತಿದ್ದೋಕೂ ದುಡ್ಡು ಇಟ್ಟಿದ್ದೀರಾ ಸಾರ್?